ತೊಗಲಿಗೆ ಬಿಲ್ಲು ಕೇಳಿದರು

ಆಡಿಟರ್ ಫೋನ್ ಮಾಡಿದ್ದರು. "ಹದಿನಾರು ಮೇಕೆ ತೊಗಲು ಅಂತ ಬರೆದಿದ್ದೀರಿ. ಬಿಲ್ಲು ಎಲ್ಲಿ?"

ಮಟನ್ ಅಂಗಡಿಯವರು ತೊಗಲಿಗೆ ಬಿಲ್ಲು ಕೊಟ್ಟಿದ್ದನ್ನು ನಾನಂತೂ ನೋಡಿಲ್ಲ. ಮಾಂಸಕ್ಕೇ ಕೊಡುವುದಿಲ್ಲ, ಇನ್ನು ತೊಗಲಿಗೆ ಎಲ್ಲಿಂದ ಕೊಡುತ್ತಾರೆ? ಸಂಜೆ ಬೊಂಬೆ ತಾತನ ಮುಂದೆ ಈ ಗೋಳು ತೋಡಿಕೊಂಡೆ. ತಾತ ಏನೂ ಮಾತಾಡದೆ ಪೆಟ್ಟಿಗೆ ತೆಗೆದರು. ರಾಮನ ಬೊಂಬೆಯನ್ನು ಎತ್ತಿ ನನ್ನ ಮುಂದೆ ಹಿಡಿದರು. "ಬಿಲ್ಲು ಇವ್ನ ಕೈಯಾಗೇ ಐತಲ್ಲ ಮೇಷ್ಟ್ರೇ. ಕೊಟ್ ಕಳ್ಸಿ."

ನಕ್ಕೆವು. ಆದರೆ ಆಡಿಟರ್ ನಗಲಿಲ್ಲ.

ನಾನು ಡ್ರಾಯಿಂಗ್ ಮೇಷ್ಟ್ರು. ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ಇಬ್ಬರು ಗೆಳೆಯರ ಜೊತೆ ಸೇರಿ ಸಣ್ಣದೊಂದು ಟ್ರಸ್ಟ್ ಮಾಡಿಕೊಂಡಿದ್ದೇನೆ. ಕಳೆದ ವರ್ಷ ಒಂದು ಕಂಪನಿಯ ಸಿಎಸ್‌ಆರ್ ದುಡ್ಡಿನಲ್ಲಿ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ದುಡ್ಡಿನಲ್ಲಿ, ಮಕ್ಕಳಿಗೆ ತೊಗಲು ಬೊಂಬೆಯಾಟ ಕಲಿಸಲು ಶುರುಮಾಡಿದೆವು. ಕಲಿಸಿದ್ದು ನಾನಲ್ಲ, ತಾತ ಮತ್ತು ಅವರ ಮನೆಯವರು. ನಾನು ಕಾಗದ ಹೊತ್ತುಕೊಂಡು ಓಡಾಡಿದವನು. "ನಮ್ಮೂರಿನ ಕಲೆಗೂ ಕಂಪನಿ ದುಡ್ಡು ಸಿಗುತ್ತಾ ಸಾರ್?" ಅಂತ ಆಮೇಲೆ ಬಹಳ ಜನ ಕೇಳಿದರು. ಸಿಗುತ್ತದೆ. ಹೇಗೆ ಸಿಕ್ಕಿತು, ಸಿಕ್ಕ ಮೇಲೆ ಏನೇನಾಯಿತು ಅನ್ನುವುದನ್ನು ಹೇಳುತ್ತೇನೆ.

ತಾತನಿಗೆ ಎಪ್ಪತ್ತು ದಾಟಿದೆ. ಅವರ ಅಪ್ಪನ ಕಾಲದಲ್ಲಿ ಎತ್ತಿನ ಗಾಡಿಯಲ್ಲಿ ಪೆಟ್ಟಿಗೆ ಹೇರಿಕೊಂಡು ಊರೂರು ಸುತ್ತುತ್ತಿದ್ದರಂತೆ. ಮಳೆ ಕೈಕೊಟ್ಟ ವರ್ಷ ಊರಿನವರೇ ಕರೆಸಿ ಆಟ ಆಡಿಸುತ್ತಿದ್ದರು. ಬಿಳಿ ಪರದೆ, ಅದರ ಹಿಂದೆ ಹರಳೆಣ್ಣೆ ದೀಪ, ಬೆಳಗಿನವರೆಗೂ ರಾಮಾಯಣ. ಈಗ ದೀಪದ ಜಾಗದಲ್ಲಿ ಬಲ್ಬು ಬಂದಿದೆ. ಬೆಳಗಿನವರೆಗೂ ಕೂರುವವರು ಮಾತ್ರ ಯಾರೂ ಇಲ್ಲ. ತಾತನ ಮಗ ಗಾರೆ ಕೆಲಸಕ್ಕೆ ಹೋಗುತ್ತಾರೆ. ಬಿಡುವಿದ್ದರೆ ಮದ್ದಲೆ ಬಾರಿಸುತ್ತಾರೆ. ಅಜ್ಜಿ ಪರದೆಯ ಹಿಂದೆ ನಿಂತು ಹಾಡುತ್ತಾರೆ. ಅವರ ದನಿ ಇವತ್ತಿಗೂ ಹಿತ್ತಲು ದಾಟಿ ರಸ್ತೆಗೆ ಕೇಳುತ್ತದೆ.

2025ರ ಜನವರಿಯಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ತೊಂಬತ್ತು ದಾಟಿದ ತೊಗಲು ಬೊಂಬೆ ಕಲಾವಿದೆ. ಪೇಪರಿನಲ್ಲಿ ಬಂದ ಅವರ ಫೋಟೋವನ್ನು ಅಜ್ಜಿ ಕತ್ತರಿಸಿ ಗೋಡೆಗೆ ಅಂಟಿಸಿದರು. ನನಗೂ ಒಂದು ಧೈರ್ಯ ಬಂತು. ಎರಡು ವರ್ಷದಿಂದ ಹೇಳುತ್ತಿದ್ದ "ಮಕ್ಕಳಿಗೆ ಕಲಿಸೋಣ ತಾತ" ಅನ್ನುವ ಮಾತಿಗೆ ದುಡ್ಡು ಹುಡುಕಲು ಹೊರಟೆ.

ಮೊದಲು ಕಾನೂನು ತಿಳಿದುಕೊಂಡೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ದುಡ್ಡನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ದೊಡ್ಡದು ಅಂದರೆ 500 ಕೋಟಿ ನೆಟ್‌ವರ್ತ್ (ಸಾಲ ಕಳೆದು ಉಳಿಯುವ ಆಸ್ತಿ), ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದಾದರೂ ಇರಬೇಕು. ಯಾವ ಯಾವ ಕೆಲಸಕ್ಕೆ ಕೊಡಬಹುದು ಅಂತ ಕಾಯ್ದೆಯ ಏಳನೇ ಶೆಡ್ಯೂಲಿನಲ್ಲಿ ಪಟ್ಟಿ ಇದೆ. ಅದರ ಐದನೇ ಸಾಲು ನಮಗೆ ಸಂಬಂಧಪಟ್ಟಿದ್ದು: ಪರಂಪರೆ, ಕಲೆ, ಸಂಸ್ಕೃತಿ, ಸಾಂಪ್ರದಾಯಿಕ ಕಲೆ ಮತ್ತು ಕರಕುಶಲ. ಆ ಸಾಲನ್ನು ಪ್ರಿಂಟ್ ತೆಗೆದು ಬ್ಯಾಗಿನಲ್ಲಿ ಇಟ್ಟುಕೊಂಡೆ. ಇದು ಒಳ್ಳೆಯದೇ ಆಯಿತು. ಎರಡು ಕಂಪನಿಯವರು "ನಾವು ಶಾಲೆ, ಆಸ್ಪತ್ರೆಗೆ ಮಾತ್ರ ಕೊಡೋದು" ಅಂದಾಗ ತೆಗೆದು ತೋರಿಸಿದೆ. ಅವರು ಆಮೇಲೂ ಕೊಡಲಿಲ್ಲ, ಅದು ಬೇರೆ ಮಾತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಪ್ರತಿ ಕಂಪನಿಯೂ ಕೊಡಬೇಕು ಅಂತಿಲ್ಲ. ಯಾವ ಕೆಲಸ ಅನ್ನುವುದನ್ನು ಅವರ ಬೋರ್ಡು ಆರಿಸಿಕೊಳ್ಳುತ್ತದೆ.

ಕಾಗದಗಳ ಕಥೆ ಜಾಸ್ತಿ ಹೇಳಲ್ಲ. ಟ್ರಸ್ಟ್ ಡೀಡ್, ಪ್ಯಾನ್, ಆದಾಯ ತೆರಿಗೆಯವರ 12ಎ ಮತ್ತು 80ಜಿ (ತೆರಿಗೆ ವಿನಾಯಿತಿಯ ನೋಂದಣಿಗಳು), ಮೂರು ವರ್ಷದ ಆಡಿಟ್ ಆದ ಲೆಕ್ಕ. ಇವೆಲ್ಲ ಆದಮೇಲೆ ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಸಿಎಸ್‌ಆರ್-1 ಅನ್ನುವ ಫಾರಂ ತುಂಬಬೇಕು, ಆಗ ಒಂದು ನೋಂದಣಿ ನಂಬರ್ ಸಿಗುತ್ತದೆ. 2021ರ ಏಪ್ರಿಲ್ 1ರಿಂದ ಈ ನಂಬರ್ ಇಲ್ಲದ ಸಂಸ್ಥೆಯ ಮೂಲಕ ಯಾವ ಕಂಪನಿಯೂ ಹೊಸ ಕೆಲಸ ಮಾಡಿಸುವ ಹಾಗಿಲ್ಲ. ಫಾರಂಗೆ ಡಿಜಿಟಲ್ ಸಹಿ ಬೇಕು, ಸಿಎ ಅಥವಾ ಅಂಥವರೊಬ್ಬರ ದೃಢೀಕರಣವೂ ಬೇಕು. ನಮಗೆ ಕಷ್ಟವಾಗಿದ್ದು "ಮೂರು ವರ್ಷ ಇಂಥದೇ ಕೆಲಸ ಮಾಡಿದ ದಾಖಲೆ". ಬೇಸಿಗೆ ಶಿಬಿರ ಮಾಡಿದ್ದೆವು, ಚಿತ್ರಕಲೆ ಸ್ಪರ್ಧೆ ಮಾಡಿದ್ದೆವು. ರಸೀದಿಗಳು ಒಂದು ಚಪ್ಪಲಿ ಡಬ್ಬಿಯಲ್ಲಿ ಇದ್ದವು. ಅರ್ಧದ ಶಾಯಿ ಹಾರಿಹೋಗಿತ್ತು. ಅವತ್ತಿನಿಂದ ಪ್ರತಿ ರಸೀದಿಯ ಫೋಟೋ ತೆಗೆದು ಇಡುತ್ತೇನೆ. ಈ ಬರಹದಿಂದ ನೀವು ಒಂದೇ ಒಂದು ವಿಷಯ ತಗೊಳ್ಳೋದಾದರೆ ಇದನ್ನೇ ತಗೊಳ್ಳಿ.

ಮಾರ್ಚ್ ಎರಡನೇ ವಾರ ಒಂದು ಕಂಪನಿಯಿಂದ ಫೋನ್ ಬಂತು. "ಮೂರು ಲಕ್ಷ ಇದೆ. 31ರೊಳಗೆ ಖರ್ಚು ಮಾಡಿ ಫೋಟೋ, ಬಿಲ್ಲು ಕಳಿಸ್ತೀರಾ?" ಇಪ್ಪತ್ತು ದಿನ ಕೂಡ ಇರಲಿಲ್ಲ. ವರ್ಷದ ದುಡ್ಡು ವರ್ಷದಲ್ಲೇ ಮುಗಿಯದಿದ್ದರೆ ಅದನ್ನು ಬೇರೆ ಖಾತೆಗೋ ಸರ್ಕಾರದ ನಿಧಿಗೋ ಹಾಕಬೇಕಾಗುತ್ತದೆ, ಅದಕ್ಕೇ ಮಾರ್ಚಿನಲ್ಲಿ ಈ ಅವಸರ. ನಾನು ಒಂದು ರಾತ್ರಿ ನಿದ್ದೆ ಮಾಡಲಿಲ್ಲ. ಮೂರು ಲಕ್ಷ! ಬೆಳಿಗ್ಗೆ ತಾತನ ಮನೆಗೆ ಹೋಗಿ ಕೇಳಿದೆ. "ಇಪ್ಪತ್ ದಿನದಾಗೆ ಏನ್ ಕಲೀತಾರೆ ಮಕ್ಳು? ಪೆಟ್ಗೆ ತೆಗ್ಯೋದ್ ಕಲೀಬೋದು" ಅಂದರು. ಬೇಡ ಅಂತ ಫೋನ್ ಮಾಡಿ ಹೇಳಿದೆ. ಹೇಳುವಾಗ ನಾಲಿಗೆ ತೊದಲಿತು ಅನ್ನುವುದು ನಿಜ.

ಇನ್ನೊಂದು ಕಂಪನಿ ನಿಧಾನವಾಗಿ ಮಾತಾಡಿತು. ಅವರ ಕಾರ್ಖಾನೆ ನಮ್ಮ ಕಡೆಯೇ ಇದೆ. ಅಲ್ಲಿನ ಸಿಎಸ್‌ಆರ್ ಮೇಡಂ ನನ್ನ ಪ್ರಪೋಸಲ್ ಓದಿ ಕರೆಸಿಕೊಂಡರು. ಮೊದಲು ಕೇಳಿದ್ದು, "ಫಲಾನುಭವಿಗಳು ಹದಿನಾಲ್ಕೇನಾ ಸಾರ್? ಮೇಲಿನವರು ಐನೂರಾದರೂ ಕೇಳ್ತಾರೆ."

ಪರದೆಯ ಹಿಂದೆ ನಾಲ್ಕು ಜನಕ್ಕೆ ಮಾತ್ರ ಜಾಗ, ಒಬ್ಬ ಗುರು, ಒಂದು ಪೆಟ್ಟಿಗೆ ಅಂತ ವಿವರಿಸಿದೆ. ಐನೂರು ಜನಕ್ಕೆ ಬೊಂಬೆ ಕಲಿಸುವುದು ಅಂದರೆ ಐನೂರು ಜನರನ್ನು ಕೂರಿಸಿ ಫೋಟೋ ತೆಗೆಯುವುದು ಅಷ್ಟೇ. ಅವರೇ ಒಂದು ದಾರಿ ಹೇಳಿದರು. ಹದಿನಾಲ್ಕು ಮಕ್ಕಳು ಕಲಿಯಲಿ, ವರ್ಷದ ಕೊನೆಯಲ್ಲಿ ಹತ್ತು ಶಾಲೆಗಳಲ್ಲಿ ಆಟ ಆಡಲಿ, ನೋಡಿದವರ ತಲೆ ಎಣಿಸಿ ಬರೆಯೋಣ. ಒಂದು ದಿನದ ಕಾರ್ಯಕ್ರಮ ಮಾಡಿ ಬಿಟ್ಟರೆ ಅದು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ, ವರ್ಷದ ಯೋಜನೆಯ ಭಾಗವಾದರೆ ಬರುತ್ತದೆ ಅಂತ ತಿಳಿಸಿದವರೂ ಅವರೇ.

ಆಮೇಲೆ ಬಜೆಟ್ ಪುಟ ತಿರುಗಿಸಿದರು. ಇಲ್ಲಿ ನನಗೆ ನಾಚಿಕೆಯಾಗುವ ಭಾಗ ಇದೆ. ನಾನು ಉದ್ಘಾಟನೆಗೆ 40,000, ವಿಡಿಯೋ ಮಾಡಿಸಲು 80,000, ಟೀ ಶರ್ಟು, ಸರ್ಟಿಫಿಕೇಟು ಅಂತ ಇನ್ನೊಂದಿಷ್ಟು ಹಾಕಿದ್ದೆ. ತಾತನಿಗೆ ಗೌರವಧನ ಅಂತ ಒಟ್ಟು 15,000. ತಿಂಗಳಿಗಲ್ಲ, ಪೂರ್ತಿ ವರ್ಷಕ್ಕೆ.

ಮೇಡಂ ಪೆನ್ನಿನಿಂದ ಆ ಸಾಲಿನ ಮೇಲೆ ತಟ್ಟಿದರು. "ಕಲಿಸೋರಿಗೆ ಇಷ್ಟೇನಾ? ವಿಡಿಯೋ ತೆಗೆಯೋರಿಗೆ ಇದರ ಐದರಷ್ಟು ಇದೆಯಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಲಾವಿದರಿಗೆ ಶಾಲು, ಹಾರ, ಒಂದು ಕವರ್ ಕೊಟ್ಟರೆ ಮುಗಿಯಿತು ಅನ್ನುವ ಅಭ್ಯಾಸ ನನಗೂ ಅಂಟಿಕೊಂಡಿತ್ತು. ಕಂಪನಿಯವರು ನಮ್ಮ ಕಲೆಯನ್ನು ಲೆಕ್ಕದ ಪುಸ್ತಕ ಮಾಡುತ್ತಾರೆ ಅಂತ ನಾನು ಬೈದುಕೊಳ್ಳುತ್ತಿದ್ದೆ. ಆ ಲೆಕ್ಕದ ಪುಸ್ತಕವೇ ಅವತ್ತು ತಾತನ ಪರ ಮಾತಾಡಿತು. ಕೇಂದ್ರ ಸಂಸ್ಕೃತಿ ಸಚಿವಾಲಯದ ವಲಯ ಕೇಂದ್ರಗಳು ನಡೆಸುವ ಗುರು ಶಿಷ್ಯ ಪರಂಪರೆ ಯೋಜನೆಯಲ್ಲಿ ಗುರುವಿಗೆ, ಜೊತೆ ನುಡಿಸುವವರಿಗೆ, ಕಲಿಯುವವರಿಗೆ, ಎಲ್ಲರಿಗೂ ತಿಂಗಳು ತಿಂಗಳು ದುಡ್ಡು ಕೊಡುತ್ತಾರೆ. ಅದೇ ಮಾದರಿ ಇಟ್ಟುಕೊಂಡು ಬಜೆಟ್ ಮತ್ತೆ ಬರೆದೆ.

ಕೊನೆಗೆ ಹೀಗಾಯಿತು. ತಾತನಿಗೆ ತಿಂಗಳಿಗೆ 12,000ದಂತೆ ಹತ್ತು ತಿಂಗಳು. ಅಜ್ಜಿಗೆ ಮತ್ತು ಮಗನಿಗೆ ತಲಾ 6,000. ಮಕ್ಕಳಿಗೆ ತಿಂಗಳಿಗೆ 500. ತೊಗಲು, ಬಣ್ಣ, ಉಳಿಗೆ 40,000. ಹತ್ತು ಶಾಲೆಯ ಆಟಕ್ಕೆ 1,20,000. ಓಡಾಟಕ್ಕೆ 45,000, ಕಚೇರಿ ಮತ್ತು ಆಡಿಟ್‌ಗೆ 25,000. ಎಲ್ಲ ಸೇರಿ 5,40,000. ಆಡಳಿತ ಖರ್ಚು 5% ಮೀರಬಾರದು ಅನ್ನುವ ನಿಯಮ ಇರುವುದು ಕಂಪನಿಗೆ, ನಮ್ಮಂಥ ಸಂಸ್ಥೆಗಲ್ಲ. ಆದರೂ ನಮ್ಮ ಮೇಲೂ ಅದನ್ನೇ ಹಾಕಿದರು. ವಾದ ಮಾಡಲು ಹೋಗಲಿಲ್ಲ.

"ತೊಗಲಿನ ಲೆಕ್ಕದಲ್ಲಿ ತಪ್ಪಿದೆ. ಬೊಂಬೆ 25, ತೊಗಲು 40?" ಅಂತ ಅಕೌಂಟ್ಸಿನವರು ಕೇಳಿದರು. "ಹದಿನೈದು ತೊಗಲು ಮಕ್ಕಳ ಕೈಯಲ್ಲಿ ಹಾಳಾಗುತ್ತೆ ಸಾರ್" ಅಂದೆ. "ಹಾಳು ಅಂತ ಕಾಲಂ ಇಲ್ಲ" ಅಂದರು. ಅದನ್ನು "ಅಭ್ಯಾಸ ಸಾಮಗ್ರಿ" ಅಂತ ಬರೆದೆ. ಪಾಸಾಯಿತು.

ಸಹಿ, ಒಪ್ಪಂದ, ಬೋರ್ಡ್ ಮೀಟಿಂಗ್ ಎಲ್ಲ ಮುಗಿದು ಮೊದಲ ಕಂತು ಬಂದಿದ್ದು ಜುಲೈ ಕೊನೆಗೆ. ಆಕಾಶದಲ್ಲಿ ಮೋಡ. ತಾತ ಮೇಲೆ ನೋಡಿ ಸುಮ್ಮನಾದರು. ನಾನೇ ಅವಸರ ಮಾಡಿ ಹದಿನಾರು ತೊಗಲು ತಂದೆ, ಒಂದಕ್ಕೆ 120 ರೂಪಾಯಿಯಂತೆ. ಸೆಪ್ಟೆಂಬರ್ ವರದಿಯಲ್ಲಿ "10 ಬೊಂಬೆ ಸಿದ್ಧ" ಅಂತ ತೋರಿಸಬೇಕಿತ್ತಲ್ಲ.

ತೊಗಲನ್ನು ನೀರಿನಲ್ಲಿ ನೆನೆಸಬೇಕು, ಕೂದಲು ಹೆರೆದು ತೆಗೆಯಬೇಕು, ಒಳಗಿನ ಪೊರೆ ಕೆರೆಯಬೇಕು. ಆಮೇಲೆ ಸುತ್ತಲೂ ಗೂಟ ಹೊಡೆದು ಬಿಗಿಯಾಗಿ ಎಳೆದು ಬಿಸಿಲಿಗೆ ಒಣಗಿಸಬೇಕು. ಸರಿಯಾಗಿ ಒಣಗಿದರೆ ಹಪ್ಪಳದ ಹಾಗೆ ಗರಿಗರಿಯಾಗಿ ಬೆಳಕು ತೂರುವಷ್ಟು ತೆಳ್ಳಗಾಗುತ್ತದೆ. ಬಿಸಿಲಿಲ್ಲದೆ ಮೂರು ದಿನ ಕಳೆಯಿತು. ನಾಲ್ಕನೇ ದಿನ ವಾಸನೆ ಬಂತು. ಫ್ಯಾನ್ ಹಾಕಿದೆ, ದೊಡ್ಡ ಬಲ್ಬ್ ಹಾಕಿದೆ. ಬಲ್ಬಿನ ಹತ್ತಿರದ್ದು ಸುರುಟಿಕೊಂಡಿತು, ದೂರದ್ದು ಕೊಳೆಯಿತು. ಹದಿನಾರರಲ್ಲಿ ಒಂಬತ್ತು ತಿಪ್ಪೆ ಸೇರಿದವು. ಮಳೆ ಬರಲಿ ಅಂತ ಆಡಿಸುವ ಆಟಕ್ಕೆ ಮಳೆಯೇ ಹೀಗೆ ಮಾಡಿತು.

"ತೊಗಲಿಗೆ ಬಿಸ್ಲು ಬೇಕು ಮೇಷ್ಟ್ರೇ. ನಿಮ್ ಕಂಪ್ನಿಯೋರ್ ಸೈನ್ ಹಾಕುದ್ರೆ ಒಣಗಲ್ಲ."

ಆ ಹೊತ್ತಿಗೇ ಆಡಿಟರ್ ಬಿಲ್ಲು ಕೇಳಿದ್ದು. ಕೊಳೆತ ತೊಗಲಿಗೆ ಇಲ್ಲದ ಬಿಲ್ಲು. ಕೊನೆಗೆ ನಾವೇ ವೋಚರ್ ಬರೆದೆವು. ಮಟನ್ ಅಂಗಡಿಯ ಅಣ್ಣನ ಸಹಿ, ಅಂಗಡಿ ಮುಂದೆ ತೊಗಲಿನ ಜೊತೆ ಅವರ ಫೋಟೋ. ಅವರು ಫೋಟೋಗೆ ಅಂತ ಹೊಸ ಶರ್ಟ್ ಹಾಕಿಕೊಂಡು ಬಂದಿದ್ದರು. ಇನ್ನೊಂದು ತೊಡಕು ತಾತನ ಬ್ಯಾಂಕ್ ಖಾತೆ. ನಗದು ಕೊಡುವ ಹಾಗಿಲ್ಲ. ಅವರ ಖಾತೆ ಕೆವೈಸಿ ಇಲ್ಲದೆ ನಿಂತುಹೋಗಿತ್ತು. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು. ಮೂರು ಸಲ ಬ್ಯಾಂಕಿಗೆ ಹೋಗಿ ಬಂದೆವು. ಮೊದಲ ತಿಂಗಳ ದುಡ್ಡು ಅವರ ಕೈ ಸೇರಿದ್ದು ಸೆಪ್ಟೆಂಬರ್‌ನಲ್ಲಿ.

ಮೇಡಂಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಒಂದು ಪುಟದ ಪತ್ರ ಕೊಡಿ, ವೇಳಾಪಟ್ಟಿ ಬದಲಾಯಿಸೋಣ" ಅಂದರು. ಬೊಂಬೆ ಮಾಡುವುದು ನವೆಂಬರ್ ಮೇಲೆ, ಅಲ್ಲಿಯವರೆಗೆ ಹಾಡು ಮತ್ತು ಮಾತು ಅಂತ ಬರೆದೆ. ತಾತ ಮೊದಲೇ ಹೇಳಿದ್ದೂ ಅದನ್ನೇ. ನಾನು ಕೇಳಿಸಿಕೊಂಡಿರಲಿಲ್ಲ.

ಮಕ್ಕಳು ಏಳರಿಂದ ಒಂಬತ್ತನೇ ಕ್ಲಾಸಿನವರು. ಶನಿವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಪಾಠ. ಮೊದಲ ತಿಂಗಳಲ್ಲೇ ಮೂವರು ಬಿಟ್ಟರು. ಒಬ್ಬನಿಗೆ ಟ್ಯೂಷನ್. ಇನ್ನಿಬ್ಬರು ಅಕ್ಕ ತಂಗಿ. ಅವರ ತಾಯಿ ನನ್ನನ್ನು ಕಾಂಪೌಂಡ್ ಹೊರಗೇ ನಿಲ್ಲಿಸಿ, "ತೊಗಲು ಮುಟ್ಟೋ ಕೆಲ್ಸ ನಮ್ ಹುಡ್ಗೀರಿಗೆ ಯಾಕೆ ಸಾರ್?" ಅಂದರು. ಮದ್ದಲೆಗೂ ತೊಗಲೇ ಅಲ್ವಾ, ದೇವಸ್ಥಾನದ ನಗಾರಿಗೂ ತೊಗಲೇ ಅಲ್ವಾ ಅಂದೆ. ಅವರು ಮುಖ ತಿರುಗಿಸಿದರು. ಅದು ತೊಗಲಿನ ವಿಷಯ ಮಾತ್ರ ಆಗಿರಲಿಲ್ಲ, ತಾತನ ಮನೆಗೆ ಹೋಗಬೇಕಲ್ಲ ಅನ್ನುವ ವಿಷಯ. ತಾತನಿಗೆ ನಾನು "ಪರೀಕ್ಷೆ ಅಂತೆ" ಅಂತ ಸುಳ್ಳು ಹೇಳಿದೆ. ಅವರು ನಂಬಿದ ಹಾಗೆ ಮಾಡಿದರು. ವರದಿಯಲ್ಲಿ "ಬಿಟ್ಟುಹೋದವರು: 3, ಕಾರಣ: ವೈಯಕ್ತಿಕ" ಅಂತ ತುಂಬಿದೆ.

ಉಳಿದ ಹನ್ನೊಂದು ಮಕ್ಕಳಲ್ಲಿ ತಾತನ ಮೊಮ್ಮಗನೂ ಒಬ್ಬ. ಮನೆಯಲ್ಲೇ ಪೆಟ್ಟಿಗೆ ಇದ್ದರೂ ಅವನು ಅದುವರೆಗೆ ಬೊಂಬೆ ಹಿಡಿದಿರಲಿಲ್ಲ. ತಿಂಗಳಿಗೆ 500 ಬರುತ್ತದೆ ಅಂತ ಬಂದ. ಬಂದರೆ ಬರಲಿ, ನನಗೇನೂ ಬೇಜಾರಿಲ್ಲ.

ನವೆಂಬರ್‌ನಲ್ಲಿ ಚಳಿ ಬಿಸಿಲು ಬಿತ್ತು, ತೊಗಲು ಒಣಗಿತು. ಒಣಗಿದ ತೊಗಲಿನ ಮೇಲೆ ಚಿತ್ರ ಬರೆದು, ಕೆಳಗೆ ಮರದ ತುಂಡು ಇಟ್ಟು, ಉಳಿಯಿಂದ ಒಂದೊಂದೇ ತೂತು ಹೊಡೆಯಬೇಕು. ಆ ತೂತುಗಳಲ್ಲಿ ಬೆಳಕು ಬಂದಾಗ ಪರದೆಯ ಮೇಲೆ ಅದೇ ಸೀತೆಯ ಒಡವೆ. ಎರಡು ತೂತಿನ ನಡುವೆ ಒಂದು ರಾಗಿ ಕಾಳಿನಷ್ಟು ಜಾಗ ಬಿಡಬೇಕು ಅನ್ನುವುದು ತಾತನ ಅಳತೆ. ಅದಕ್ಕಿಂತ ಹತ್ತಿರ ಹೊಡೆದರೆ ಹರಿಯುತ್ತದೆ, ದೂರ ಹೊಡೆದರೆ ಒಡವೆ ಬಡಕಲಾಗುತ್ತದೆ. ನಿಜವಾಗಿಯೂ ಒಂದು ರಾಗಿ ಕಾಳು ತಂದು ಹುಡುಗರ ಮುಂದೆ ಇಟ್ಟರು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಸೀತೆಯ ಸೊಂಟದ ಡಾಬನ್ನು ಮೂರು ಸಲ ಹರಿದಳು. ಮೂರು ತೊಗಲು ಹೋಯಿತು. ನಾಲ್ಕನೆಯದು ಮುಗಿಸಿ ಕಿಟಕಿಗೆ ಹಿಡಿದಳು. ಅವಳ ಕೆನ್ನೆಯ ಮೇಲೆಲ್ಲ ಚುಕ್ಕಿ ಚುಕ್ಕಿ ಬೆಳಕು ಬಿತ್ತು. ನಾನು ಇಪ್ಪತ್ತು ವರ್ಷ ಡ್ರಾಯಿಂಗ್ ಹೇಳಿಕೊಟ್ಟಿದ್ದೇನೆ. ನನ್ನ ಕ್ಲಾಸಿನಲ್ಲಿ ಯಾರೂ ಒಂದು ಚಿತ್ರವನ್ನು ನಾಲ್ಕು ಸಲ ಮಾಡಿದ್ದಿಲ್ಲ.

ಡಿಸೆಂಬರ್‌ನಲ್ಲಿ ಕಂಪನಿಯಿಂದ ಆಸ್ತಿ ಪಟ್ಟಿ ನೋಡಲು ಬಂದರು. ಪ್ರತಿ ಬೊಂಬೆಗೂ ನಂಬರ್ ಸ್ಟಿಕರ್ ಬೇಕು ಅಂದರು. ತೊಗಲಿನ ಮೇಲೆ ಸ್ಟಿಕರ್ ಅಂಟಿಸಿದರೆ ಪರದೆಯಲ್ಲಿ ಕಪ್ಪು ಚೌಕ ಕಾಣುತ್ತದೆ. ಹಾಗಾಗಿ ಹಿಡಿಯುವ ಬಿದಿರು ಕಡ್ಡಿಗೆ ಅಂಟಿಸಿದೆವು. ಸೀತೆ 07, ಹನುಮಂತ 08, ರಾವಣ 11. ರಾಮನನ್ನೂ ರಾವಣನನ್ನೂ ಒಟ್ಟಿಗೆ ಇಡಬಾರದು ಅನ್ನುವುದು ತಾತನ ಮನೆಯ ಪದ್ಧತಿ. ಬಂದವರು ಪಟ್ಟಿಯ ಪ್ರಕಾರ ಜೋಡಿಸಲು ಹೋದಾಗ ಅಜ್ಜಿ ಬಂದು ನಡುವೆ ಒಂದು ಬಟ್ಟೆ ಹಾಕಿದರು. ಸವೆದುಹೋದ ಬೊಂಬೆಯನ್ನು ಏನು ಮಾಡುತ್ತೀರಿ ಅಂತ ಕಂಪನಿಯವರು ಕೇಳಿದರು. ಹೊಳೆಗೆ ಬಿಡ್ತೀವಿ ಅಂದರು ತಾತ. ಆಸ್ತಿಯನ್ನು ಹೊಳೆಗೆ ಬಿಡುವುದಕ್ಕೆ ಯಾವ ಕಾಲಂ ಅಂತ ನಾನು ಇನ್ನೂ ಹುಡುಕುತ್ತಿದ್ದೇನೆ.

ಮಾರ್ಕೆಟಿಂಗ್ ವಿಭಾಗದ ಒಬ್ಬರು ಪರದೆಯ ಮೂಲೆಯಲ್ಲಿ ಕಂಪನಿ ಲೋಗೋ ಬರಲಿ, ಹನುಮಂತ ಒಮ್ಮೆ ಕಂಪನಿಯ ಹೆಸರು ಹೇಳಲಿ ಅಂದರು. ಅವರಿಗೆ ಒಂದು ರಾವಣನ ಬೊಂಬೆ ರಿಸೆಪ್ಶನ್‌ಗೂ ಬೇಕಿತ್ತು. ನಾನು ಬಾಯಿ ತೆಗೆಯುವ ಮೊದಲೇ ಮೇಡಂ ತಡೆದರು. ಪ್ರಚಾರದ ಲಾಭಕ್ಕೆ ಪ್ರಾಯೋಜಕತ್ವ ಕೊಟ್ಟರೆ ಅದು ಸಿಎಸ್‌ಆರ್ ಅಲ್ಲ ಅಂತ ನಿಯಮದಲ್ಲೇ ಇದೆ. ಈ ದುಡ್ಡಿನಲ್ಲಿ ಮಾಡಿದ ಆಸ್ತಿಯನ್ನು ಕಂಪನಿ ಇಟ್ಟುಕೊಳ್ಳುವ ಹಾಗೂ ಇಲ್ಲ. ಲೋಗೋ ಹೊರಗಿನ ಬ್ಯಾನರ್‌ಗೆ ಹೋಯಿತು.

ಜನವರಿಯಲ್ಲಿ ಶಾಲೆಗಳ ಆಟ ಶುರುವಾಯಿತು. ಮೂರನೇ ಶಾಲೆಗೆ ಕಂಪನಿಯಿಂದ ನಾಲ್ಕು ಜನ ಬಂದು ಮುಂದಿನ ಸಾಲಿನಲ್ಲಿ ಕೂತರು. ಗಣಪತಿ, ಸರಸ್ವತಿ ಬಂದು ಹೋದರು. ಆಮೇಲೆ ಕಿಳ್ಳೇಕ್ಯಾತ ಬರಬೇಕು. ಅವನು ಆಟದ ಕೋಡಂಗಿ, ಬಂಗಾರಕ್ಕ ಅವನ ಹೆಂಡತಿ. ಊರಿನ ಸುದ್ದಿ ಆಡಿಕೊಳ್ಳುವುದು ಇವರಿಬ್ಬರ ಕೆಲಸ. ಅವತ್ತು ಕಿಳ್ಳೇಕ್ಯಾತನನ್ನು ಹಿಡಿದಿದ್ದು ತಾತನ ಮೊಮ್ಮಗ.

"ಲೇ ಬಂಗಾರಕ್ಕ, ನೀನು ಎಷ್ಟ್ ಜನ?"

"ಒಬ್ಳೇ ಕಣಯ್ಯ, ಕಾಣ್ಸಲ್ವಾ?"

"ಒಬ್ಳಾದ್ರೆ ದುಡ್ಡಿಲ್ಲ. ಐನೂರ್ ಜನ ಆಗ್ಬಿಟ್ಟು ಬಾ."

"ಆಗ್ತೀನಿ. ಮೊದ್ಲು ನಿನ್ ತೊಗಲಿಗೆ ಬಿಲ್ಲು ತೋರ್ಸು!"

ನನ್ನ ಎದೆ ಧಸಕ್ಕೆಂದಿತು. ಇದು ತಾತ ಹೇಳಿಕೊಟ್ಟಿದ್ದಲ್ಲ. ಹಿತ್ತಲಿನಲ್ಲಿ ನಾನು ಫೋನಿನಲ್ಲಿ ಮಾತಾಡಿದ್ದನ್ನೆಲ್ಲ ಹುಡುಗರು ಕೇಳಿಸಿಕೊಂಡಿದ್ದರು. ಮೊದಲು ನಕ್ಕಿದ್ದು ಮೇಡಂ. ಆಮೇಲೆ ಅಕೌಂಟ್ಸಿನವರು. ಮಾರ್ಕೆಟಿಂಗ್‌ನವರು ವಿಡಿಯೋ ಮಾಡುತ್ತಿದ್ದರು. ಪರದೆಯ ಹಿಂದೆ ತಾತ ತಾಳ ಹಾಕುವುದನ್ನು ನಿಲ್ಲಿಸಿ ಮೊಮ್ಮಗನ ಕೈಯನ್ನೇ ನೋಡುತ್ತಿದ್ದರು. "ಬಂತು" ಅಂದರು, ಅಜ್ಜಿಗೆ ಮಾತ್ರ ಕೇಳುವ ಹಾಗೆ. ಅಜ್ಜಿ ಮುಂದಿನ ಪದ ಎತ್ತಿಕೊಂಡರು.

ಈಗ ಫೆಬ್ರವರಿ. ಎರಡನೇ ವರ್ಷಕ್ಕೆ ಅರ್ಜಿ ಕೊಟ್ಟಿದ್ದೇನೆ. ಈ ಸಲ ಮಕ್ಕಳ ಸಂಖ್ಯೆ ಹನ್ನೊಂದು, ಹೋದ ವರ್ಷದವರೇ. ಹೊಸಬರು ಯಾಕಿಲ್ಲ ಅಂತ ಕೇಳುತ್ತಾರೆ, ಗೊತ್ತು. ಬೋರ್ಡಿನ ತೀರ್ಮಾನ ಬರುವುದು ಏಪ್ರಿಲ್ ನಂತರ, ದುಡ್ಡು ಬರುವಾಗ ಮತ್ತೆ ಮೋಡ. ಅದಕ್ಕೇ ಹೋದ ವಾರ ನಾನು, ಗೆಳೆಯರು ಸೇರಿ ಕೈಯಿಂದ ದುಡ್ಡು ಹಾಕಿ ಹನ್ನೆರಡು ತೊಗಲು ತಂದೆವು. ಮಂಜೂರಾತಿಗೆ ಮೊದಲಿನ ಖರ್ಚು, ಕಂಪನಿ ಲೆಕ್ಕಕ್ಕೆ ಇದು ಬರಲ್ಲ. ತಾತನ ಹಿತ್ತಲಿನಲ್ಲಿ ಗೂಟ ಹೊಡೆದು ಕಟ್ಟಿದ್ದಾರೆ. ಬಿಸಿಲು ಚೆನ್ನಾಗಿದೆ. ನಾಯಿ ಬರದ ಹಾಗೆ ಹುಡುಗರು ಪಾಳಿ ಹಾಕಿಕೊಂಡು ಕಾಯುತ್ತಿದ್ದಾರೆ.